ಸಿಗ್ನೇಚರ್ ಎಲೆಕ್ಟ್ರಿಕ್ ಗಿಟಾರ್ ಸ್ಟೇಜ್ ಮೇಲೆ ತೊಂದರೆ ಕೊಟ್ಟರೆ: ದೋಷ ಪತ್ತೆ ಮತ್ತು ನಿವಾರಣೆ

ಅಂಗಡಿಯಲ್ಲಿ 10 ವಾಟಿನ ಆಂಪಿಗೆ ಹಾಕಿ ನುಡಿಸಿದಾಗ ಯಾವ ತಕರಾರೂ ಇಲ್ಲದ ಗಿಟಾರು, ಮಂಡ್ಯದ ಗಣೇಶೋತ್ಸವದ ಸ್ಟೇಜಿಗೋ ಮೈಸೂರಿನ ಕಾಲೇಜು ಫೆಸ್ಟಿಗೋ ಹೋದ ಕೂಡಲೇ ಗುಂಯ್‌ಗುಡಲು ಶುರುಮಾಡುತ್ತದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಬಿಡುತ್ತದೆ, ಇಲ್ಲವೇ ಸೋಲೋ ನಡುವೆ ಸದ್ದೇ ನಿಂತುಹೋಗುತ್ತದೆ. ಅದು ಸಿಗ್ನೇಚರ್ ಮಾಡೆಲ್ ಆಗಿದ್ದರೆ ಗೊಂದಲ ಇನ್ನೂ ಜಾಸ್ತಿ. ಒಬ್ಬ ವಾದಕನ ಕೈಗೆ, ಅವನ ಆಂಪಿಗೆ, ಅವನು ನುಡಿಸುವ ರೀತಿಗೆ ಒಗ್ಗುವಂತೆ ಕಟ್ಟಿದ ವಾದ್ಯ ಅದು. ಮಾಮೂಲಿ ಗಿಟಾರಿನಲ್ಲಿ ಇಲ್ಲದ ಸ್ವಿಚ್ಚು, ಬ್ಯಾಟರಿ, ಬೇರೆ ಬಗೆಯ ಬ್ರಿಜ್ಜು (ಬಾಡಿಯ ಮೇಲೆ ತಂತಿ ಕೂರುವ ಭಾಗ) ಅದರಲ್ಲಿರುತ್ತವೆ. ಹಾಗಾಗಿ ಎರಡು ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು. ಇದು ಕೆಟ್ಟಿದೆಯೋ ಅಥವಾ ಹೀಗೇ ಮಾಡಿದ್ದಾರೋ? ಕೆಟ್ಟಿದ್ದರೆ, ಕೆಟ್ಟಿರುವುದು ಗಿಟಾರೋ ಅಥವಾ ಸ್ಟೇಜಿನ ಕರೆಂಟೋ? ಇವೆರಡೂ ಖಚಿತವಾಗುವ ತನಕ ಸ್ಕ್ರೂಡ್ರೈವರ್ ಮುಟ್ಟಬೇಡಿ. ರಿಪೇರಿಗೆ ಬರುವ ಎಷ್ಟೋ ಒಳ್ಳೆಯ ಗಿಟಾರುಗಳಲ್ಲಿ ಹಾಳಾಗಿರುವುದು ಅವಸರದಲ್ಲಿ ಬಿಚ್ಚಿದ ಭಾಗಗಳೇ.

ಕಿಟ್ಟಿನಲ್ಲಿ ಇರಬೇಕಾದದ್ದು ಇಷ್ಟು: ಡಿಜಿಟಲ್ ಮಲ್ಟಿಮೀಟರ್, ಚೆನ್ನಾಗಿದೆ ಎಂದು ಖಾತ್ರಿಯಿರುವ 3 ಮೀಟರಿನ ಮಾನೋ ಕೇಬಲ್, ಹೊಸ 9 ವೋಲ್ಟ್ ಆಲ್ಕಲೈನ್ ಬ್ಯಾಟರಿ, ಕ್ಲಿಪ್ ಟ್ಯೂನರ್, 3 ಮಿ.ಮೀ. ಅಲೆನ್ ಕೀ, ಸ್ಟಾರ್ ಸ್ಕ್ರೂಡ್ರೈವರ್, ಎಲೆಕ್ಟ್ರಾನಿಕ್ ಭಾಗಗಳಿಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್, ಚಿಕ್ಕ ಟಾರ್ಚ್, ಒಂದು ಸೆಟ್ ಹೊಸ ತಂತಿ.

ಕೆಟ್ಟಿಲ್ಲ, ಹೀಗೇ ಮಾಡಿದ್ದಾರೆ

ಫೆಂಡರ್ 1988ರಲ್ಲಿ ತಂದ ಎರಿಕ್ ಕ್ಲಾಪ್ಟನ್ ಸ್ಟ್ರಾಟೊಕಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಒಳಗೆ 9 ವೋಲ್ಟ್ ಬ್ಯಾಟರಿಯ ಮಿಡ್ ಬೂಸ್ಟ್, ಅಂದರೆ ನಡುಮಟ್ಟದ ಸ್ವರಗಳನ್ನು ಏರಿಸುವ ಸರ್ಕ್ಯೂಟ್ ಇದೆ. ಪೂರ್ತಿ ತಿರುಗಿಸಿದರೆ 25 ಡೆಸಿಬೆಲ್ ಏರಿಕೆ. ಕ್ಲೀನ್ ಚಾನೆಲ್ಲಿನಲ್ಲೂ ಸದ್ದು ಒಡೆಯುತ್ತಿದೆ ಎಂದು ಆಂಪನ್ನು ಬೈಯುವ ಮೊದಲು ಆ ನಾಬ್ ಎಲ್ಲಿದೆ ನೋಡಿ. ಟಾಮ್ ಮೊರೆಲ್ಲೊ ಸೋಲ್ ಪವರ್ ಸ್ಟ್ರಾಟ್‌ನಲ್ಲಿ ಕಿಲ್ ಸ್ವಿಚ್ ಇದೆ. ಅದು ಒಂದು ಕಡೆಗೆ ನಿಂತುಬಿಟ್ಟಿದ್ದರೆ ಗಿಟಾರು ಪೂರ್ತಿ ಮೌನ. ಬ್ರಿಯಾನ್ ಮೇ ಮಾದರಿಯಲ್ಲಿ ಮೂರು ಪಿಕಪ್ಪಿಗೂ (ತಂತಿಯ ಅದುರನ್ನು ಸಿಗ್ನಲ್ ಆಗಿಸುವ ಭಾಗ) ಬೇರೆ ಬೇರೆ ಆನ್-ಆಫ್ ಸ್ವಿಚ್, ಬೇರೆ ಬೇರೆ ಫೇಸ್ ಸ್ವಿಚ್ (ಸಿಗ್ನಲ್ಲನ್ನು ತಲೆಕೆಳಗು ಮಾಡುವಂಥದ್ದು). ಮೂರೂ ಆಫ್ ಆಗಿದ್ದರೆ ಸದ್ದಿಲ್ಲ. ಎರಡು ಪಿಕಪ್ ಆನ್ ಇದ್ದು ಒಂದರ ಫೇಸ್ ತಿರುಗಿದ್ದರೆ ಬೇಸ್ ಎಲ್ಲ ಸೋರಿಹೋಗಿ ಸದ್ದು ತೆಳ್ಳಗೆ, ಮೂಗಿನಿಂದ ಬಂದಂತೆ ಕೇಳುತ್ತದೆ. ಹೊಸಬರು ಇದನ್ನು ಪಿಕಪ್ ಹೋಗಿದೆ ಎಂದೇ ತಿಳಿಯುತ್ತಾರೆ.

ಸ್ಟೀವ್ ವೈಗಾಗಿ ಐಬನೀಜ್ 1987ರಲ್ಲಿ ತಂದ ಜೆಮ್‌ನಲ್ಲಿ ಐದು ಹಂತದ ಸ್ವಿಚ್ಚಿನ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಹಂಬಕರಿನ (ಎರಡು ಕಾಯಿಲ್ ಇರುವ ಪಿಕಪ್ಪಿನ) ಒಂದೇ ಕಾಯಿಲ್ ಕೆಲಸ ಮಾಡುತ್ತದೆ. ಅಲ್ಲಿ ಸದ್ದು ಸ್ವಲ್ಪ ತಗ್ಗುವುದು ಸಹಜ. ಇಂಗ್ವೆ ಮಾಲ್ಮ್‌ಸ್ಟೀನ್ ಸ್ಟ್ರಾಟ್‌ನ ಫಿಂಗರ್‌ಬೋರ್ಡ್ ಫ್ರೆಟ್ಟುಗಳ ನಡುವೆ ತೋಡಿದ್ದು. ಬಿಗಿಯಾಗಿ ಒತ್ತಿದರೆ ಸ್ವರ ಏರಿಬಿಡುತ್ತದೆ. ಟ್ಯೂನರಿನಲ್ಲಿ ತೆರೆದ ತಂತಿ ಸರಿಯಿದ್ದು, ಒತ್ತಿದ ಸ್ವರ ಮಾತ್ರ ಏರುತ್ತಿದ್ದರೆ, ಅದೇ ಸ್ವರವನ್ನು ತಂತಿ ಫ್ರೆಟ್ಟಿಗೆ ತಾಗುವಷ್ಟೇ ಹಗುರವಾಗಿ ಒತ್ತಿ ನೋಡಿ. ಸರಿಹೋದರೆ ಬದಲಾಗಬೇಕಾದದ್ದು ಬೆರಳು, ಬ್ರಿಜ್ ಅಲ್ಲ.

ಬೇರೆಯವರ ಗಿಟಾರನ್ನು ಒಂದು ಶೋಗಾಗಿ ತಂದು ಪರೀಕ್ಷಿಸುವಾಗ ಪ್ರತಿ ಸ್ವಿಚ್ಚನ್ನೂ ಒಂದೊಂದೇ ಬದಲಿಸಿ, ಯಾವ ಜಾಗದಲ್ಲಿ ಏನಾಗುತ್ತದೆ ಎಂದು ಚೀಟಿಯಲ್ಲಿ ಬರೆದು ಆಂಪಿನ ಮೇಲೆ ಅಂಟಿಸಿ. ಕತ್ತಲಲ್ಲಿ ಅದೇ ಕಾಪಾಡುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆ

ಪೆಡಲ್‌ಬೋರ್ಡ್ ಪೂರ್ತಿ ತೆಗೆದಿಡಿ. ಗಿಟಾರು, ಒಂದು ಕೇಬಲ್, ಆಂಪು, ಇಷ್ಟೇ ಇರಲಿ. ಗದ್ದಲ ಹೋಯಿತಾದರೆ ದೋಷ ಪೆಡಲುಗಳಲ್ಲಿ ಅಥವಾ ಅವುಗಳ ಅಡಾಪ್ಟರಿನಲ್ಲಿ. ಒಂದೊಂದೇ ಸೇರಿಸುತ್ತ ಬಂದರೆ ಸಿಕ್ಕಿಬೀಳುತ್ತದೆ. ಒಂದೇ ಅಗ್ಗದ ಅಡಾಪ್ಟರಿನಿಂದ ಡಿಜಿಟಲ್ ಪೆಡಲಿಗೂ ಡಿಸ್ಟಾರ್ಶನ್ನಿಗೂ ಕರೆಂಟ್ ಕೊಟ್ಟಿದ್ದರೆ ಕೀರಲು ಶಬ್ದ ಬರುವುದು ಮಾಮೂಲು.

ಹೋಗದಿದ್ದರೆ ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ತನ್ನಿ. ಸಾಮಾನ್ಯ ಪ್ಯಾಸಿವ್ (ಬ್ಯಾಟರಿ ಇಲ್ಲದ) ವೈರಿಂಗ್‌ನಲ್ಲಿ ಆಗ ಸಿಗ್ನಲ್ ನೇರ ಗ್ರೌಂಡಿಗೆ ಸೇರುತ್ತದೆ. ಗದ್ದಲ ಸತ್ತರೆ ಅದು ಪಿಕಪ್ಪಿನ ಕಡೆಯಿಂದ ಬರುತ್ತಿತ್ತು. ಹಾಗೇ ಉಳಿದರೆ ಕೇಬಲ್, ಜ್ಯಾಕ್, ಆಂಪ್ ಅಥವಾ ಕರೆಂಟ್. ಮುಂದಿನ ಹೆಜ್ಜೆಗೆ ಕೇಬಲ್ಲನ್ನು ಆಂಪಿನ ಕಡೆಯಿಂದ ಕೀಳಿ, ಗಿಟಾರಿನ ಕಡೆಯಿಂದಲ್ಲ. ಗಿಟಾರಿನ ಕಡೆ ಕಿತ್ತು ಬಿಟ್ಟ ಕೇಬಲ್ ತಾನೇ ಆಂಟೆನಾ ಆಗಿ ಕೂಗುತ್ತದೆ, ಅದರಿಂದ ಏನೂ ತಿಳಿಯದು. ಬಹಳಷ್ಟು ಆಂಪುಗಳ ಇನ್‌ಪುಟ್ ಜ್ಯಾಕ್ ಖಾಲಿಯಾದಾಗ ಒಳಗೇ ಶಾರ್ಟ್ ಆಗುವಂತಿರುತ್ತದೆ. ಖಾಲಿ ಬಿಟ್ಟಾಗಲೂ ಗುಂಯ್ ಎಂದರೆ ಆಂಪು ಅಥವಾ ಕರೆಂಟ್ ಕಡೆ ನೋಡಿ.

ಗುಂಯ್ ಶಬ್ದ ಮತ್ತು ಸ್ಟೇಜಿನ ಅರ್ತ್

ನಮ್ಮ ಲೈನು 230 ವೋಲ್ಟ್, 50 ಹರ್ಟ್ಸ್. ತಗ್ಗಿನ, ನುಣುಪಾದ ಗುಂಯ್ ಕೇಳಿದರೆ ಸಾಮಾನ್ಯವಾಗಿ 50 ಹರ್ಟ್ಸ್. ಹತ್ತಿರದ ಟ್ರಾನ್ಸ್‌ಫಾರ್ಮರಿನಿಂದ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಹಿಡಿದದ್ದು ಅಥವಾ ಗ್ರೌಂಡ್ ಲೂಪ್ (ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಗ್ರೌಂಡ್ ಸೇರಿ ಆಗುವ ಸುತ್ತು). ಒರಟಾಗಿ ಜ್ರ್ರ್ ಎಂದರೆ 100 ಹರ್ಟ್ಸ್ ಮತ್ತು ಅದರ ಮೇಲಿನ ಪಟ್ಟುಗಳು: ಲೈಟ್ ಡಿಮ್ಮರ್, ಎಲ್‌ಇಡಿ ಪಾರ್ ಲೈಟ್, ಪೆಂಡಾಲಿನ ಸೀರಿಯಲ್ ಸೆಟ್. ಗಿಟಾರ್ ಹಾಕಿಕೊಂಡು ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿ. ಶಬ್ದ ಒಂದು ದಿಕ್ಕಿನಲ್ಲಿ ಏರಿ ಇನ್ನೊಂದರಲ್ಲಿ ಇಳಿದರೆ ಪಿಕಪ್ಪು ಗಾಳಿಯಿಂದ ಹಿಡಿಯುತ್ತಿದೆ. ಜಾಗ ಬದಲಿಸಿ, ಆಂಪಿನಿಂದ ಎರಡು ಮೀಟರ್ ದೂರ ನಿಂತು ನೋಡಿ. ಎತ್ತ ತಿರುಗಿದರೂ ಒಂದೇ ಸಮ ಇದ್ದರೆ ಗ್ರೌಂಡಿನ ತೊಂದರೆ. ಕ್ಲಾಪ್ಟನ್ ಮಾದರಿಯಂತೆ ನಾಯ್ಸ್‌ಲೆಸ್ ಪಿಕಪ್ ಇರುವ ಗಿಟಾರು ಜೋರಾಗಿ ಗುಂಯ್‌ಗುಟ್ಟಿದರೆ ಮೊದಲ ಅನುಮಾನ ಗ್ರೌಂಡಿನ ಮೇಲೇ ಇರಲಿ.

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾಗುವುದು ಪ್ಯಾಸಿವ್ ಗಿಟಾರಿನಲ್ಲಿ ಸಹಜ. ಮುಟ್ಟಿದರೂ ವ್ಯತ್ಯಾಸವಿಲ್ಲದಿದ್ದರೆ, ಅಥವಾ ಜಾಸ್ತಿಯಾದರೆ, ಬ್ರಿಜ್ಜಿಗೆ ಹೋಗುವ ಗ್ರೌಂಡ್ ವೈರ್ ಕಿತ್ತಿರಬಹುದು. ಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿ ಬ್ರಿಜ್ಜಿಗೆ, ಇನ್ನೊಂದು ಕೇಬಲ್ಲಿನ ಪ್ಲಗ್ಗಿನ ಹೊರತೊಡಿಗೆಗೆ (ಮೊನೆಯ ಹಿಂದಿನ ಉದ್ದನೆಯ ಲೋಹದ ಭಾಗಕ್ಕೆ) ತಾಗಿಸಿ. 2 ಓಮ್‌ಗಿಂತ ಕಡಿಮೆ ತೋರಬೇಕು. ಟ್ರೆಮೊಲೊ (ಬಾರ್ ಒತ್ತಿ ಸ್ವರ ಏರಿಳಿಸುವ ಬ್ರಿಜ್ಜು) ಇರುವ ಗಿಟಾರುಗಳಲ್ಲಿ ಈ ವೈರು ಹಿಂಬದಿಯ ಸ್ಪ್ರಿಂಗ್ ಕೊಕ್ಕೆಗೆ ಬೆಸುಗೆಯಾಗಿರುತ್ತದೆ, ಕಿತ್ತುಬರುವುದೂ ಅಲ್ಲೇ. ಕರ್ಕ್ ಹ್ಯಾಮೆಟ್‌ನ ಇಎಸ್‌ಪಿ ಮಾದರಿಯಲ್ಲಿರುವಂಥ ಇಎಂಜಿ ಆಕ್ಟಿವ್ (ಬ್ಯಾಟರಿಯಿಂದ ನಡೆಯುವ) ಪಿಕಪ್ಪುಗಳಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. ಅವುಗಳಿಗೆ ತಂತಿಯ ಗ್ರೌಂಡ್ ವೈರೇ ಬೇಕಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಬಯಲು ಸ್ಟೇಜಿನಲ್ಲಿ ಸೌಂಡಿನವರು ಒಂದು ಕಡೆಯಿಂದ, ಲೈಟಿನವರು ಇನ್ನೊಂದು ಕಡೆಯಿಂದ ಕರೆಂಟ್ ಎಳೆದಿರುತ್ತಾರೆ. ಲೈನ್ ಹೋದಾಗ ಅರ್ಧ ಸ್ಟೇಜು ಜನರೇಟರಿಗೆ ಹೋಗುತ್ತದೆ. ಸೌಂಡ್‌ಚೆಕ್ಕಿಗೆ ಮೊದಲೇ, «ಅಣ್ಣ, ಗಿಟಾರ್ ಆಂಪು, ಮಿಕ್ಸರು ಎರಡಕ್ಕೂ ಒಂದೇ ಅರ್ತಾ? ಜನರೇಟರಿಗೆ ಬೇರೆ ಅರ್ತ್ ಹೊಡೆದಿದ್ದೀರಾ?» ಎಂದು ಕೇಳಿಬಿಡಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಕೇಳಲೇಬೇಕು.

ಜಂಕ್ಷನ್ ಬಾಕ್ಸನ್ನು ಮೀಟರಿನಿಂದ ಅಳೆಯಬೇಕು. ಮೀಟರನ್ನು ಎಸಿ 750 ವೋಲ್ಟಿನಲ್ಲಿ ಇಡಿ. ಸಾಕೆಟ್ ಎದುರು ನೋಡಿದಾಗ ಮೇಲಿನ ದಪ್ಪ ತೂತು ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಫೇಸ್-ನ್ಯೂಟ್ರಲ್ ನಡುವೆ ಸುಮಾರು 230, ಫೇಸ್-ಅರ್ತ್ ನಡುವೆ ಹೆಚ್ಚು ಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಫೇಸ್-ಅರ್ತ್ ನಡುವೆ ಅರ್ಧಂಬರ್ಧ ಅಂಕಿ ತೋರಿದರೆ ಅರ್ತ್ ಕಡಿದಿದೆ, ಇಲ್ಲವೇ ಜನರೇಟರಿನ ನ್ಯೂಟ್ರಲ್ಲನ್ನು ಅರ್ತ್‌ಗೆ ಸೇರಿಸಿಲ್ಲ. ಅದನ್ನು ಎಲೆಕ್ಟ್ರಿಷಿಯನ್ ಸರಿಮಾಡಬೇಕು, ಗಿಟಾರಿಸ್ಟ್ ಅಲ್ಲ.

ಕೊನೆಗೆ ಎಲ್ಲ ಆನ್ ಆದ ಮೇಲೆ, ಮೀಟರಿನ ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರಿನ ತಂತಿಗೆ. ಅಲ್ಲಿ ಹತ್ತಾರು ವೋಲ್ಟ್ ತೋರಿದರೆ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಬಾರದು. ಮಳೆ ಬಿದ್ದು ಹಲಗೆ ನೆನೆದಿದ್ದರಂತೂ ಶೋ ತಡವಾದರೂ ಪರವಾಗಿಲ್ಲ, ಸರಿಯಾದ ಮೇಲೇ ಹತ್ತಿ. ಗುಂಯ್ ಹೋಗಲಿ ಎಂದು ಆಂಪಿನ ಮೂರನೇ ಪಿನ್ ಮುರಿಯುವ, ಎರಡು ಪಿನ್ನಿನ ಅಡಾಪ್ಟರ್ ಹಾಕುವ ಅಭ್ಯಾಸ ಪ್ರಾಣಕ್ಕೆ ಎರವಾಗುವಂಥದ್ದು. ಲೂಪ್ ಕಡಿಯಬೇಕಿದ್ದರೆ ಡಿಐ ಬಾಕ್ಸಿನ (ಸಿಗ್ನಲ್ಲನ್ನು ಮಿಕ್ಸರಿಗೆ ಕೊಡುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಿಗ್ನಲ್ಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಕರೆಂಟಿನ ಅರ್ತ್ ಉಳಿಯುತ್ತದೆ. ವಿತರಣಾ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂದೂ ಒಮ್ಮೆ ನೋಡಿ.

ಸದ್ದೇ ಇಲ್ಲ, ಅಥವಾ ಕಡಿದು ಕಡಿದು ಬರುತ್ತಿದೆ

ಬ್ಯಾಟರಿ ಇರುವ ಗಿಟಾರಾದರೆ ಅಲ್ಲಿಂದಲೇ ಶುರು. ಹೊಸ ಆಲ್ಕಲೈನ್ ಬ್ಯಾಟರಿ 9 ವೋಲ್ಟಿಗಿಂತ ಸ್ವಲ್ಪ ಮೇಲೇ ತೋರಿಸುತ್ತದೆ. 8ಕ್ಕೆ ಇಳಿದಿದ್ದರೆ ಶೋಗೆ ಮೊದಲು ಬದಲಿಸಿ. ಬ್ಯಾಟರಿ ಸಾಯುವಾಗ ಮೊದಲು ಸದ್ದು ಒಡೆದು ಉಸಿರುಕಟ್ಟಿದಂತಾಗಿ, ಆಮೇಲೆ ತಗ್ಗಿ, ಕೊನೆಗೆ ನಿಲ್ಲುತ್ತದೆ. ಇಎಂಜಿ 81ರಂಥ ಪಿಕಪ್ ಬಹಳ ಕಡಿಮೆ ಕರೆಂಟ್ ತಿನ್ನುತ್ತದೆ, ಹಾಗಿದ್ದೂ ಬೇಗ ಬೇಗ ಬ್ಯಾಟರಿ ಮುಗಿಯುತ್ತಿದ್ದರೆ ಕೇಬಲ್ ಸಿಕ್ಕಿಸಿಯೇ ಇಡುತ್ತಿದ್ದೀರಿ ಎಂದು ಅರ್ಥ. ಈ ಗಿಟಾರುಗಳಲ್ಲಿ ಬ್ಯಾಟರಿಯ ಸ್ವಿಚ್ ಇರುವುದು ಜ್ಯಾಕ್‌ನಲ್ಲೇ. ಅಲ್ಲಿರುವುದು ಸ್ಟೀರಿಯೋ ಜ್ಯಾಕ್. ಮಾನೋ ಪ್ಲಗ್ ಒಳಗೆ ಹೋದಾಗ ನಡುವಿನ ಸಂಪರ್ಕವೂ ಹೊರತೊಡಿಗೆಯೂ ಕೂಡಿ ಬ್ಯಾಟರಿ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಆದ್ದರಿಂದಲೇ ಸ್ಟೀರಿಯೋ ಕೇಬಲ್ ಹಾಕಿದರೆ ಬ್ಯಾಟರಿ ಹೊಸದಾದರೂ ಗಿಟಾರು ಮಾತಾಡುವುದಿಲ್ಲ. ಅವಸರದಲ್ಲಿ ಮಿಕ್ಸರಿನ ಪೆಟ್ಟಿಗೆಯಿಂದ ಎತ್ತಿಕೊಂಡ ಕೇಬಲ್ಲಿನ ಪ್ಲಗ್ ಮೇಲೆ ಎರಡು ಕಪ್ಪು ಉಂಗುರ ಇದ್ದರೆ ಅದು ಸ್ಟೀರಿಯೋ, ಒಂದಿದ್ದರೆ ಮಾನೋ.

ಪ್ಯಾಸಿವ್ ಗಿಟಾರಾದರೆ ಮೀಟರಿನಿಂದ ಬಿಚ್ಚದೆಯೇ ಬಹಳಷ್ಟು ತಿಳಿಯಬಹುದು. ಕೇಬಲ್ಲನ್ನು ಗಿಟಾರಿಗೆ ಸಿಕ್ಕಿಸಿ, ವಾಲ್ಯೂಮ್ 10ಕ್ಕೆ ಇಟ್ಟು, ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೂ ಹೊರತೊಡಿಗೆಗೂ ಮೀಟರ್ ಹಿಡಿಯಿರಿ. ಸ್ಟ್ರಾಟ್ ಬಗೆಯ ಸಿಂಗಲ್ ಕಾಯಿಲ್ 5.5ರಿಂದ 7 ಕಿಲೋಓಮ್, ಹಳೆಯ ಶೈಲಿಯ ಹಂಬಕರ್ 7ರಿಂದ 9, ಹೆಚ್ಚು ಔಟ್‌ಪುಟ್ಟಿನ ಹಂಬಕರುಗಳು 13ರಿಂದ 17 ಕಿಲೋಓಮ್ ಹತ್ತಿರ ತೋರಿಸುತ್ತವೆ. ಅದರ ಬದಲು 250 ಅಥವಾ 500 ಕಿಲೋಓಮ್ ಬಂದರೆ ನೀವು ಅಳೆಯುತ್ತಿರುವುದು ಬರೀ ವಾಲ್ಯೂಮ್ ಪಾಟ್ (ನಾಬ್ ಕೆಳಗಿನ ರೆಸಿಸ್ಟರ್). ಪಿಕಪ್ಪಿನ ದಾರಿ ಎಲ್ಲೋ ಕಡಿದಿದೆ. ಸೊನ್ನೆ ಬಂದರೆ ಶಾರ್ಟ್. ಏನೂ ತೋರಿಸದೆ ಅನಂತ ಎಂದರೆ ಜ್ಯಾಕ್ ಅಥವಾ ಕೇಬಲ್ ಕಡಿದಿದೆ. ಹಂಬಕರಿನಲ್ಲಿ ಇರಬೇಕಾದದ್ದರ ಅರ್ಧ ಬಂದರೆ ಕಾಯಿಲ್ ಸ್ಪ್ಲಿಟ್ ಆಗಿದೆ. ಪುಶ್-ಪುಲ್ ನಾಬ್ ಮೇಲಕ್ಕೆ ಬಂದಿದೆಯಾ ನೋಡಿ.

ಕರಕರ ಎಂದು ಕಡಿಯುವ ಗಿಟಾರುಗಳಲ್ಲಿ ಹೆಚ್ಚಿನವು ಜ್ಯಾಕ್‌ನ ತೊಂದರೆಯವು. ಹೊರಗಿನ ನಟ್ ಸಡಿಲವಾದಾಗ ಜನ ಅದನ್ನು ಹಾಗೇ ತಿರುಗಿಸುತ್ತಾರೆ. ಒಳಗೆ ಜ್ಯಾಕ್ ಕೂಡ ಸುತ್ತುತ್ತದೆ, ವೈರು ಹುರಿಯಾಗಿ ಬೆಸುಗೆಯ ಬುಡದಲ್ಲೇ ಕಡಿಯುತ್ತದೆ. ಸ್ಟ್ರಾಟ್ ಆಗಿದ್ದರೆ ಜ್ಯಾಕ್ ತಟ್ಟೆಯ ಎರಡು ಸ್ಕ್ರೂ ತೆಗೆದು ತಟ್ಟೆಯನ್ನು ಮೆಲ್ಲಗೆ ಎತ್ತಿ, ಒಳಗಿಂದ ಜ್ಯಾಕನ್ನು ಹಿಡಿದುಕೊಂಡು ನಟ್ ಬಿಗಿ ಮಾಡಿ. ತೆಗೆದದ್ದೇ ಆದರೆ ಟಾರ್ಚ್ ಹಾಕಿ ಪ್ಲಗ್ ಸಿಕ್ಕಿಸಿ ನೋಡಿ: ಬಾಗಿದ ಉದ್ದನೆಯ ಪಟ್ಟಿಯ ತುದಿ ಪ್ಲಗ್ಗಿನ ಮೊನೆಯ ಕೊರಳಿನಲ್ಲಿ ಗಟ್ಟಿಯಾಗಿ ಕೂರಬೇಕು. ಸಪ್ಪೆಯಾಗಿ ತಾಗುತ್ತಿದ್ದರೆ ಪ್ಲಗ್ ತೆಗೆದು ಪಟ್ಟಿಯನ್ನು ಒಂದೆರಡು ಮಿ.ಮೀ. ಒಳಕ್ಕೆ ಬಾಗಿಸಿ. ಜ್ಯಾಕ್ ಕೂರುವ ಗುಂಡಿಗೆ ತಾಮ್ರದ ಫಾಯಿಲ್ ಹಚ್ಚಿದ್ದರೆ ಇನ್ನೊಂದು ಅಪಾಯವಿದೆ. ಪ್ಲಗ್ ಹೋದಾಗ ಆ ಪಟ್ಟಿ ಹೊರಕ್ಕೆ ಚಾಚಿ ಫಾಯಿಲಿಗೆ ತಾಗಿ ಸದ್ದು ಪೂರ್ತಿ ನಿಲ್ಲುತ್ತದೆ, ತಟ್ಟೆ ಎತ್ತಿದರೆ ಸರಿಯಾಗುತ್ತದೆ. ಒಂದು ತುಂಡು ಇನ್ಸುಲೇಶನ್ ಟೇಪ್ ಸಾಕು.

ನಾಬ್ ತಿರುಗಿಸುವಾಗ ಮಾತ್ರ ಕರಕರ ಬಂದರೆ ಪಾಟ್‌ನೊಳಗೆ ಧೂಳು. ಕ್ಲೀನರ್ ಒಂದು ಚಿಮ್ಮು ಹಾಕಿ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಹಾಕಬೇಡಿ, ಧೂಳು ಮತ್ತೆ ಅಂಟಿಕೊಳ್ಳುತ್ತದೆ.

ಕೀರಲು ಕೂಗು

ರಾಕ್ ನುಡಿಸುವಾಗ ತಂತಿ ತಾನೇ ಹಾಡುವ ಫೀಡ್‌ಬ್ಯಾಕ್ ಬೇಕೇ ಬೇಕು. ಬೇಡದ್ದು ಬೇರೆ. ವಾಲ್ಯೂಮ್ ಪೂರ್ತಿ ಇಟ್ಟು ಅಂಗೈಯಿಂದ ಆರೂ ತಂತಿ ಮುಚ್ಚಿ. ಕೂಗು ನಿಂತರೆ ಅದು ತಂತಿಯದ್ದು. ಆಂಪಿನಿಂದ ಪಕ್ಕಕ್ಕೆ ಸರಿಯಿರಿ, ಗೇನ್ ಸ್ವಲ್ಪ ಇಳಿಸಿ. ತಂತಿ ಮುಚ್ಚಿದರೂ ಎತ್ತರದ ಕೀರಲು ಮುಂದುವರಿದರೆ ಪಿಕಪ್ ಒಳಗಿನ ಸುರುಳಿಯೋ ಮುಚ್ಚಳವೋ ಅದುರುತ್ತಿದೆ. ಪಿಕ್‌ನ ತುದಿಯಿಂದ ಪಿಕಪ್ಪನ್ನು ತಟ್ಟಿ. ಮೈಕ್ ತಟ್ಟಿದಂತೆ ಟಕ್ ಟಕ್ ಎಂದು ಜೋರಾಗಿ ಕೇಳಿದರೆ ಅನುಮಾನ ನಿಜ. ಮೇಣದಲ್ಲಿ ಅದ್ದಿಸುವುದೇ ಇದಕ್ಕೆ ಉಪಾಯ, ಅದನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ಮೇಣ ಹೆಚ್ಚು ಕಾದರೆ ಬಾಬಿನ್ ಸೊಟ್ಟಗಾಗುತ್ತದೆ.

ಶ್ರುತಿ ನಿಲ್ಲುವುದಿಲ್ಲ

ಮಾಮೂಲಿ ಟ್ರೆಮೊಲೊ ಗಿಟಾರಿನಲ್ಲಿ ಶ್ರುತಿ ಯಾವ ಕಡೆಗೆ ತಪ್ಪುತ್ತದೆ ಎನ್ನುವುದೇ ಸುಳಿವು. ತಂತಿ ಬೆಂಡ್ ಮಾಡಿದ ಮೇಲೆ ಇಳಿದು, ಬಾರ್ ಒತ್ತಿ ಬಿಟ್ಟ ಮೇಲೆ ಏರಿದರೆ ತಂತಿ, ನೆಕ್ಕಿನ ತಲೆಯ ಕಡೆ ಅದು ಹಾದುಹೋಗುವ ಪಟ್ಟಿಯಾದ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ. ಟ್ಯೂನ್ ಮಾಡುವಾಗ ಟಿಂಕ್ ಎಂಬ ಸದ್ದೂ ಬರುತ್ತದೆ. ತಂತಿ ಎತ್ತಿ ಅದು ಕೂರುವ ಕೊರೆತಕ್ಕೆ ಮೆತ್ತನೆಯ ಪೆನ್ಸಿಲ್ಲಿನ ಸೀಸ ಉಜ್ಜಿ. ದಪ್ಪ ತಂತಿ ಹಾಕಿ ಕೊರೆತ ಸಾಲದಾಗಿದ್ದರೆ ಅದನ್ನು ಅಗಲ ಮಾಡಿಸಬೇಕು.

ಫ್ಲಾಯ್ಡ್ ರೋಸ್ ಬ್ರಿಜ್ಜಿನ ಲೆಕ್ಕ ಬೇರೆ. ಅಲ್ಲಿ ತಂತಿ ಎರಡೂ ತುದಿಯಲ್ಲಿ ಬಿಗಿದಿರುತ್ತದೆ, ಬ್ರಿಜ್ಜು ಹಿಂದಿನ ಸ್ಪ್ರಿಂಗಿಗೂ ಮುಂದಿನ ತಂತಿಗೂ ನಡುವೆ ತಕ್ಕಡಿಯಂತೆ ತೂಗುತ್ತಿರುತ್ತದೆ. ಒಂದು ತಂತಿ ಹರಿದರೆ ಉಳಿದ ಐದೂ ಏರುತ್ತವೆ. ಒಂದನ್ನು ಡಿಗೆ ಇಳಿಸಿದರೂ ಅದೇ ಗತಿ. ಎಡ್ಡಿ ವ್ಯಾನ್ ಹೇಲನ್ ಮಾದರಿಯ ಡಿ-ಟ್ಯೂನಾ (ದಪ್ಪ ಇ ತಂತಿಯನ್ನು ಥಟ್ಟನೆ ಡಿಗೆ ಇಳಿಸುವ ಸಾಧನ) ಕೆಲಸ ಮಾಡಬೇಕಾದರೆ ಬ್ರಿಜ್ಜು ಬಾಡಿಯ ಮೇಲೆ ಕೂತಿರಬೇಕು, ತೇಲುತ್ತಿರಬಾರದು. ಬೇರೆ ತೇಲುವ ಬ್ರಿಜ್ಜಿಗೆ ಅದನ್ನು ಹಾಕಿಸಿ ದೂರುವವರು ಬಹಳ ಮಂದಿ.

ನಟ್‌ನ ಬೀಗ ಹಿಡಿದಿದೆಯಾ ಎಂದು ನೋಡಲು, ಬೀಗ ಹಾಕಿದ ಮೇಲೆ ಟ್ಯೂನಿಂಗ್ ಕೀಲಿಯನ್ನು ಸ್ವಲ್ಪ ತಿರುಗಿಸಿ. ಸ್ವರ ಅಲುಗಿದರೆ ಹಿಡಿದಿಲ್ಲ, 3 ಮಿ.ಮೀ. ಅಲೆನ್ ಕೀಯಿಂದ ಬಿಗಿ ಮಾಡಿ, ಜೀವ ಹಾಕಿ ತಿರುಗಿಸಿದರೆ ತಲೆ ಸವೆಯುತ್ತದೆ. ಹೊಸ ತಂತಿಯನ್ನು ಚೆನ್ನಾಗಿ ಎಳೆದೆಳೆದು ಹಿಗ್ಗಿಸಿ, ಫೈನ್ ಟ್ಯೂನರುಗಳನ್ನು ನಡುಮಧ್ಯಕ್ಕೆ ತಂದ ಮೇಲೇ ಬೀಗ ಹಾಕಿ.

ಗಿಟಾರಿಗೆ 9-42 ತಂತಿ (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ಗಾತ್ರ, ಇಂಚಿನ ಸಾವಿರದ ಲೆಕ್ಕದಲ್ಲಿ) ಬಂದಿದ್ದು ನೀವು 10-46 ಹಾಕಿದರೆ, 25.5 ಇಂಚಿನ ಸ್ಕೇಲಿನಲ್ಲಿ ಒಟ್ಟು ಎಳೆತ ಸುಮಾರು 38 ಕೆ.ಜಿ.ಯಿಂದ 46 ಕೆ.ಜಿ.ಗೆ ಏರುತ್ತದೆ. ಬ್ರಿಜ್ಜಿನ ಹಿಂಬದಿ ಮೇಲಕ್ಕೆ ಏಳುತ್ತದೆ. ಹಿಂಬದಿಯ ಮುಚ್ಚಳ ತೆಗೆದು ಕೊಕ್ಕೆಯ ಎರಡೂ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿ ಮಾಡಿ, ಆರೂ ತಂತಿ ಮತ್ತೆ ಟ್ಯೂನ್ ಮಾಡಿ, ಪಕ್ಕದಿಂದ ಕಣ್ಣು ಹಾಯಿಸಿ. ಬ್ರಿಜ್ಜಿನ ತಟ್ಟೆ ಬಾಡಿಗೆ ಸಮಾನಾಂತರ ಬರುವವರೆಗೆ ಇದನ್ನೇ ಮಾಡುತ್ತಿರಬೇಕು. ಬೇಸರದ ಕೆಲಸ, ಅಡ್ಡದಾರಿ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ಬಾರ್ ಬಿಟ್ಟ ಮೇಲೆ ಬ್ರಿಜ್ಜು ಬೇರೆ ಬೇರೆ ಜಾಗಕ್ಕೆ ಮರಳಿದರೆ ಅದರ ಚಾಕುವಿನ ಅಂಚು (ಬ್ರಿಜ್ಜು ಕಂಬಕ್ಕೆ ಒರಗಿ ತಿರುಗುವ ಚೂಪು ತುದಿ) ಸವೆದಿದೆ. ತಂತಿ ಸಡಿಲಿಸಿ ಬ್ರಿಜ್ಜನ್ನು ಹಿಂದಕ್ಕೆ ಸರಿಸಿ ಕಂಬಕ್ಕೆ ಒರಗುವ ಅಂಚನ್ನು ಟಾರ್ಚಿನಲ್ಲಿ ನೋಡಿ. ಆರೋಗ್ಯವಾಗಿರುವ ಅಂಚು ಒಂದೇ ಚೂಪು ಗೆರೆ. ಸವೆದದ್ದರಲ್ಲಿ ಹೊಳೆಯುವ ಚಪ್ಪಟೆ ಪಟ್ಟಿ, ಕೆಲವೊಮ್ಮೆ ಚಿಕ್ಕ ಕಚ್ಚು ಕಾಣುತ್ತದೆ. ತಂತಿ ಪೂರ್ತಿ ಬಿಗಿಯಿದ್ದಾಗ ಕಂಬಗಳನ್ನು ತಿರುಗಿಸಿ ಎತ್ತರ ಬದಲಿಸುವುದೇ ಈ ಸವೆತಕ್ಕೆ ದೊಡ್ಡ ಕಾರಣ. ಸೆಕೆಂಡ್ ಹ್ಯಾಂಡ್ ಸಿಗ್ನೇಚರ್ ಕೊಳ್ಳುವಾಗ ಇದನ್ನು ನೋಡದೆ ದುಡ್ಡು ಕೊಡಬೇಡಿ.

ನೆಕ್ ಮತ್ತು ನಮ್ಮ ಹವೆ

ಶಿವರಾತ್ರಿ ಕಳೆದು ಯುಗಾದಿಯ ಹೊತ್ತಿಗೆ ಮೈಸೂರು-ಮಂಡ್ಯದಲ್ಲಿ ಗಾಳಿ ಒಣಗುತ್ತದೆ. ಬೀಟೆ ಮರದ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿ ಕೈಗೆ ಚುಚ್ಚುತ್ತದೆ, ನೆಕ್ ನೆಟ್ಟಗಾಗಿ ಮೊದಲ ಐದಾರು ಫ್ರೆಟ್ಟಿನಲ್ಲಿ ತಂತಿ ಜಿರ್ರೆನ್ನುತ್ತದೆ. ಮಳೆಗಾಲದಿಂದ ದಸರಾ ತನಕ ಇದರ ತಿರುವುಮುರುವು: ಮರ ತೇವ ಹೀರಿ ನೆಕ್ ಮುಂದಕ್ಕೆ ಬಾಗುತ್ತದೆ, ತಂತಿ ಎತ್ತರವಾಗುತ್ತದೆ. ಅಳೆಯಲು ಮೊದಲ ಫ್ರೆಟ್ಟಿಗೆ ಕೇಪೊ ಹಾಕಿ, ದಪ್ಪ ಇ ತಂತಿಯನ್ನು ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್ಟಿನಲ್ಲಿ ಒತ್ತಿ, ಎಂಟನೇ ಫ್ರೆಟ್ಟಿನ ಹತ್ತಿರ ಸಂದು ನೋಡಿ. 0.25 ಮಿ.ಮೀ. ಆಸುಪಾಸು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ ದಪ್ಪ ಇಗೆ 2 ಮಿ.ಮೀ., ಸಣ್ಣ ಇಗೆ 1.6 ಮಿ.ಮೀ. ಇದ್ದರೆ ಜೋರಾಗಿ ಬಾರಿಸುವ ಕೈಗೂ ಸಾಕು.

ತಗ್ಗಿನ ತಂತಿ ಮೇಲಿನ ಫ್ರೆಟ್ಟುಗಳಲ್ಲಿ ಅಲೆ ಅಲೆಯಾಗಿ ನಡುಗಿ, ಟ್ಯೂನರಿನ ಮುಳ್ಳು ನಿಲ್ಲದಿದ್ದರೆ ನೆಕ್‌ಗೆ ಕೈಹಾಕಬೇಡಿ, ಪಿಕಪ್ ತಂತಿಗೆ ತೀರಾ ಹತ್ತಿರವಿದೆ. ಸ್ಟ್ರಾಟ್‌ನಲ್ಲಿ ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಅಯಸ್ಕಾಂತದ ತುದಿಗೂ ತಂತಿಗೂ ದಪ್ಪ ಇ ಕಡೆ 2.4, ಸಣ್ಣ ಇ ಕಡೆ 2 ಮಿ.ಮೀ. ಬಿಡಿ.

ಟ್ರಸ್ ರಾಡನ್ನು (ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಸರಳು) ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ. ಪ್ರದಕ್ಷಿಣವಾಗಿ ತಿರುಗಿಸಿದರೆ ನೆಕ್ ನೆಟ್ಟಗಾಗುತ್ತದೆ, ಸಂದು ಕಡಿಮೆಯಾಗುತ್ತದೆ. ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಬಿಟ್ಟು ಅಳೆಯಿರಿ. ಶೋ ದಿನ ಈ ಕೆಲಸ ಬೇಡ. ಕೀ ಸರಿಯಾಗಿ ಕೂತಿದ್ದೂ ರಾಡ್ ಗಟ್ಟಿಯಾಗಿ ನಿಂತರೆ ಅಲ್ಲಿಗೆ ಕೈಬಿಟ್ಟು, ನೀವು ಅಳೆದ ಸಂದು, ತಂತಿಯ ಎತ್ತರ, ಹಾಕಿರುವ ತಂತಿಯ ಗೇಜು ಮೂರನ್ನೂ ಕಾಗದದಲ್ಲಿ ಬರೆದು ಗಿಟಾರಿನ ಜೊತೆ ರಿಪೇರಿಯವರಿಗೆ ಕೊಡಿ.